ಕೆಂಪು ಶಾಯಿಯಲ್ಲಿ ತಿದ್ದಿದ ಮೈನಸ್

ಆಸಿಡ್ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಗಡೆಗೆ ಲೆಕ್ಕದಕ್ಕನ ಕೋಣೆ. ಯಾವ ಅನಿಲ ಯಾವುದರ ಜೊತೆ ಎಷ್ಟು ಬೇಗ ಕೂಡುತ್ತದೆ, ಕೂಡುವಾಗ ಎಷ್ಟು ಶಾಖ ಬಿಡುತ್ತದೆ ಎಂದು ಆಕೆ ಇಪ್ಪತ್ತಾರು ವರ್ಷದಿಂದ ಲೆಕ್ಕ ಹಾಕುತ್ತ ಕೂತಿದ್ದಳು. ಮೊದಲನೆಯದು ಕ್ರಿಯೆಯ ವೇಗ, ಎರಡನೆಯದು ಎಂಥಾಲ್ಪಿ ಬದಲಾವಣೆ. ಶಾಖ ಹೊರಗೆ ಬಂದರೆ ಸಂಖ್ಯೆಯ ಮುಂದೆ ಮೈನಸ್, ಒಳಗೆ ಹೋದರೆ ಪ್ಲಸ್. ಇಷ್ಟು ತಿಳಿದವರ ಜೊತೆ ಆಕೆ ಮಾತಾಡುತ್ತಿದ್ದಳು. ತಿಳಿಯದವರಿಗೆ ತಿಳಿಸಿ ಮಾತಾಡುತ್ತಿದ್ದಳು. ತಿಳಿಯಲು ಮನಸ್ಸಿಲ್ಲದವರು ಅತ್ತ ಕಡೆ ಸುಳಿಯುತ್ತಲೇ ಇರಲಿಲ್ಲ.

ಆಕೆಗೊಂದು ಚಾಳಿ ಇತ್ತು. ಕಾರ್ಖಾನೆಯ ಲೈಬ್ರರಿಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಸಿಕ್ಕರೆ ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ತಾರೀಕು ಹಾಕಿ, ಸಹಿ ಮಾಡುವುದು. ಹೀಗೆ ಹತ್ತೊಂಬತ್ತು ತಪ್ಪು ಹಿಡಿದಿದ್ದಳು. ಪ್ರಕಾಶಕರಿಗೆ ಪತ್ರವನ್ನೂ ಬರೆದಿದ್ದಳು. ಇಬ್ಬರು ಉತ್ತರ ಕೊಟ್ಟಿದ್ದರು, ಒಬ್ಬರು ಕ್ಷಮೆಯನ್ನೂ ಕೇಳಿದ್ದರು. ಅಷ್ಟೇ ಏಕೆ, ತನ್ನ ಮದುವೆಯ ಪತ್ರಿಕೆಯಲ್ಲಿದ್ದ ಎರಡು ತಪ್ಪನ್ನೂ ಇನ್ನೂರ ನಲವತ್ತು ಪ್ರತಿಯಲ್ಲಿ ಕೈಯಾರೆ ತಿದ್ದಿಯೇ ಹಂಚಿದ್ದಳು. ಗಂಡ ಅಂದೇ ತನ್ನ ಮುಂದಿನ ಬಾಳನ್ನು ಅರ್ಥ ಮಾಡಿಕೊಂಡನಂತೆ.

ಅದೇ ಕಾರ್ಖಾನೆಯಲ್ಲಿ ಆಕೆಯ ತಮ್ಮನೂ ಇದ್ದ, ಟವರ್ ಆಪರೇಟರ್. ಅವನಿಗೆ ಆರು, ಇವಳಿಗೆ ಹನ್ನೊಂದು ಇರುವಾಗ ಅಮ್ಮ ಹೋಗಿದ್ದಳು. ಅಲ್ಲಿಂದ ಮುಂದೆ ಅವನ ಮಗ್ಗಿ, ಅವನ ಜ್ವರ, ಅವನ ಹರಿದ ಅಂಗಿಯ ಗುಂಡಿ ಎಲ್ಲ ಅಕ್ಕನದೇ. ನಲವತ್ತೈದಾದರೂ ಅಕ್ಕ ಗೆರೆ ಎಳೆದರೆ ತಮ್ಮ ದಾಟುವವನಲ್ಲ.

ಹೋದ ವರ್ಷ ಹೊಸ ಚೇಂಬರ್ ಕಟ್ಟಿದರು. ಬಣ್ಣವಿಲ್ಲದ ನೈಟ್ರಿಕ್ ಆಕ್ಸೈಡ್ ಅದರೊಳಗೆ ಆಮ್ಲಜನಕದ ಜೊತೆ ಕೂಡಿ ಕಂದು ಬಣ್ಣದ ಅನಿಲವಾಗಬೇಕು, ಅದು ಮುಂದೆ ಟವರಿನ ನೀರಿನಲ್ಲಿ ಕರಗಿ ಆಸಿಡ್ ಆಗಬೇಕು. ಎಷ್ಟು ಬಿಸಿ ಇದ್ದರೆ ಎಷ್ಟು ಬೇಗ ಕೂಡುತ್ತದೆ ಎಂದು ಒಂದು ಪಟ್ಟಿ ಬೇಕಾಯಿತು. ಲೆಕ್ಕದಕ್ಕ ಒಂಬತ್ತು ದಿನ ಕೂತು ಪಟ್ಟಿ ಮಾಡಿ, ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿದಳು. ಬಿಸಿ ಹೆಚ್ಚಿದರೆ ವೇಗ ಹೆಚ್ಚು, ಆದ್ದರಿಂದ ತಂಪು ನೀರಿನ ವಾಲ್ವ್ ಕಾಲು ಭಾಗ ಮಾತ್ರ ತೆರೆದಿರಲಿ ಎಂದು ಕೆಳಗೆ ಬರೆದಿದ್ದಳು.

ಅಂದಿನಿಂದ ಚಿಮಣಿಯ ಮೇಲೆ ಕಂದು ಹೊಗೆ. ಬಾಯಿಂದ ಏನೂ ಕಾಣದಂತೆ ಹೊರಟು, ಎರಡಾಳು ಎತ್ತರ ಹೋದ ಮೇಲೆ ಬಣ್ಣ ತಿರುಗುತ್ತಿತ್ತು. ಪಕ್ಕದ ಬೀದಿಯ ಲಾಂಡ್ರಿಯವನು ಹಳದಿಗಟ್ಟಿದ ಒಂದು ಬಿಳಿ ಹಾಸನ್ನು ತಂದು ಮ್ಯಾನೇಜರ್ ಮೇಜಿನ ಮೇಲೆ ಹರಡಿ, ಅಲ್ಲೇ ಬಿಟ್ಟು ಹೊರಟುಹೋದ. ಮ್ಯಾನೇಜರ್ ಹುಬ್ಬು ಗಂಟಿಕ್ಕಿದ. ಪಟ್ಟಿ ಲೆಕ್ಕದಕ್ಕನದು, ತಪ್ಪಿರಲು ಸಾಧ್ಯವೇ ಇಲ್ಲ; ಹಾಗಾದರೆ ಆಪರೇಟರನೇ ಸೋಮಾರಿ. ಗುರುವಾರ ಹನ್ನೊಂದು ಗಂಟೆಗೆ ವಿಚಾರಣೆ. ಆಮೇಲೆ ತಮ್ಮನಿಗೆ ಗೇಟಿನ ದಾರಿ.

ಲೆಕ್ಕದಕ್ಕನಿಗೆ ಮೈಯೆಲ್ಲ ಉರಿಯಿತು. ಸೋಮವಾರ ಬೆಳಿಗ್ಗೆಯೇ ತಮ್ಮನನ್ನು ಕರೆಸಿದಳು.

"ಪಟ್ಟಿ ನೋಡ್ಕೊಂಡು ಕೆಲಸ ಮಾಡ್ತಿದೀಯೋ ಇಲ್ವೋ?"

"ಮಾಡ್ತಿದೀನಿ ಅಕ್ಕಾ. ವಾಲ್ವ್ ಕಾಲು ಭಾಗ. ಒಂದು ಸುತ್ತು ಜಾಸ್ತಿ ಇಲ್ಲ, ಕಮ್ಮಿ ಇಲ್ಲ."

"ಮತ್ತೆ ಹೊಗೆ ಯಾಕೆ?"

ತಮ್ಮ ಚಪ್ಪಲಿಯ ತುದಿ ನೋಡಿಕೊಂಡ. "ಯಾರಿಗ್ಗೊತ್ತು ಅಕ್ಕಾ."

"ಯಾರಿಗ್ಗೊತ್ತು ಅನ್ನೋಕೆ ನಿನಗೆ ಸಂಬಳ ಕೊಡೋದಾ? ಲಾಗ್‌ಬುಕ್ ತಂದಿಟ್ಟು ಹೋಗು."

ಲಾಗ್‌ಬುಕ್ಕಿನಿಂದ ಬರೀ ಅಂಕಿಗಳನ್ನು ಎತ್ತಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಬಿಸಿ ಹೆಚ್ಚಿದಂತೆ ವೇಗದ ಗೆರೆ ಮೇಲೇರಬೇಕು. ಅದು ಇಳಿಯಿತು. ಥರ್ಮಾಮೀಟರ್ ಕೆಟ್ಟಿದೆ ಎಂದು ಬದಲಾಯಿಸಿದಳು. ಮಂಗಳವಾರ ಮತ್ತೆ ಇಳಿಯಿತು. ಗ್ಯಾಸ್ ಅಳೆಯುವ ಹುಡುಗಿಯನ್ನು ಬೈದು, ತಾನೇ ನಿಂತು ಅಳೆದಳು. ಆಗಲೂ ಇಳಿಯಿತು. ಬಿಡುವ ಶಾಖವನ್ನು ಹೊಸದಾಗಿ ಲೆಕ್ಕ ಹಾಕಿ ನೋಡಿದಳು: ಎರಡು ಮೋಲಿಗೆ ಮೈನಸ್ ನೂರ ಹದಿನಾಲ್ಕು ಕಿಲೋಜೂಲ್. ಅಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಉಳಿದದ್ದು ವೇಗದ ಸೂತ್ರವೊಂದೇ.

ಬುಧವಾರ ಆ ಸೂತ್ರವಿದ್ದ ಪುಸ್ತಕವನ್ನು ಲೈಬ್ರರಿಯಿಂದ ತರಿಸಿದಳು. ಪುಟ ತಾನಾಗಿಯೇ ತೆರೆದುಕೊಂಡಿತು. ಸಾಮಾನ್ಯವಾಗಿ ಕ್ರಿಯೆ ನಡೆಯಲು ಅನಿಲಗಳು ಒಂದು ದಿಣ್ಣೆ ಹತ್ತಬೇಕು, ಬಿಸಿ ಇದ್ದಷ್ಟೂ ಹತ್ತುವುದು ಸುಲಭ. ಆ ದಿಣ್ಣೆಯ ಎತ್ತರಕ್ಕೆ ಪುಸ್ತಕದಲ್ಲಿ ಮೈನಸ್ ಅಚ್ಚಾಗಿತ್ತು. ಮೈನಸ್ಸಿನ ಮೇಲೆ ಕೆಂಪು ಶಾಯಿಯ ಪ್ಲಸ್. ಪಕ್ಕದಲ್ಲಿ, "ಅಚ್ಚಿನ ತಪ್ಪು." ತಾರೀಕು. ಸಹಿ. ತಾರೀಕು ಚೇಂಬರ್ ಪಟ್ಟಿಗೆ ಕೂತ ಒಂಬತ್ತು ದಿನಗಳಲ್ಲಿ ಎರಡನೇ ದಿನದ್ದು.

ದಿಣ್ಣೆಗೆ ಮೈನಸ್ ಇರುತ್ತದೆಯೇ ಎಂದು ಅಂದು ನಕ್ಕಿದ್ದಳು. ಅದೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ ಇತ್ತು. ತಪ್ಪು ಹಿಡಿದ ಖುಷಿಯಲ್ಲಿ ಅದನ್ನು ಓದಿರಲಿಲ್ಲ. ನೈಟ್ರಿಕ್ ಆಕ್ಸೈಡಿನ ಎರಡು ಅಣುಗಳು ಮೊದಲು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಆಮ್ಲಜನಕ ಬರುವ ತನಕ ಕಾಯುತ್ತವೆ. ಸೆಕೆಯಲ್ಲಿ ಯಾರು ಯಾರನ್ನು ಅಂಟಿಕೊಂಡು ಕೂರುತ್ತಾರೆ? ಬಿಸಿಯಾದರೆ ಅವು ಬಿಟ್ಟುಹೋಗುತ್ತವೆ. ಆದ್ದರಿಂದ ಈ ಕ್ರಿಯೆ ತಂಪಿನಲ್ಲೇ ಚುರುಕು. ಚೇಂಬರಿನ ಬಿಸಿಯಲ್ಲಿ ಕೂಡದೆ ಉಳಿದ ಅನಿಲ ಚಿಮಣಿ ದಾಟಿ, ಹೊರಗಿನ ತಂಪು ಗಾಳಿಯಲ್ಲಿ ಕೂಡಿ ಕಂದಾಗುತ್ತಿತ್ತು. ಪುಸ್ತಕ ಸರಿಯಾಗಿಯೇ ಇತ್ತು.

ಇದು ಕಾರ್ಖಾನೆಯಲ್ಲಿ ಇನ್ನಾರಿಗೂ ಗೊತ್ತಾಗುವ ಮಾತಲ್ಲ. ಥರ್ಮಾಮೀಟರ್ ಮೇಲೆ ಹೊರಿಸಬಹುದಿತ್ತು, ಸದ್ದಿಲ್ಲದೆ ಹೊಸ ಪಟ್ಟಿ ಅಂಟಿಸಬಹುದಿತ್ತು. ತಮ್ಮನ ಕೆಲಸ ಉಳಿದರೂ ಉಳಿಯುತ್ತಿತ್ತು, ಸೋಮಾರಿ ಎಂಬ ಹೆಸರು ಮಾತ್ರ ಹೋಗುತ್ತಿರಲಿಲ್ಲ. ಆಕೆ ಗಂಡನಿಗೂ ಹೇಳದೆ ಒಂದು ಲೋಟ ನೀರು ಕುಡಿದು ಮಲಗಿದಳು.

ಗುರುವಾರ ಹನ್ನೊಂದಕ್ಕೆ ಮ್ಯಾನೇಜರ್ ಮೇಜಿನ ಮೇಲೆ ಲಾಗ್‌ಬುಕ್ ಇತ್ತು, ಹಳದಿ ಹಾಸೂ ಇತ್ತು. ಲೆಕ್ಕದಕ್ಕ ಪುಸ್ತಕ ತೆರೆದು ಅದರ ಮೇಲಿಟ್ಟಳು.

"ತಪ್ಪು ಆಪರೇಟರದ್ದಲ್ಲ ಸಾರ್, ನಂದು. ನೀರು ಪೂರ್ತಿ ಬಿಡ್ಬೇಕಿತ್ತು. ನಾನು ತಿರುಗಾಮುರುಗಾ ಬರೆದೆ."

ಮ್ಯಾನೇಜರ್ ಪುಟ ನೋಡಿದ. "ಇಲ್ಲಿ ಅಚ್ಚಿನ ತಪ್ಪು ಅಂತ ಬರ್ದಿದೆಯಲ್ಲ ಮೇಡಂ? ಪುಸ್ತಕದೋರ್ದೇ ತಪ್ಪು ಹಾಗಾದ್ರೆ."

"ಅದು ನನ್ನ ಅಕ್ಷರ."

ಮ್ಯಾನೇಜರ್ ಮೇಜಿನ ಡ್ರಾಯರ್ ಎಳೆದು ನೋಡಿ ಮುಚ್ಚಿದ. ಲೆಕ್ಕದಕ್ಕನ ಇಪ್ಪತ್ತಾರು ವರ್ಷದಲ್ಲಿ ಇಂಥದ್ದಕ್ಕೆ ಯಾವ ಫಾರಂ ತುಂಬಬೇಕೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಲಾಗ್‌ಬುಕ್ ಹಿಂದಕ್ಕೆ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟ. "ಇದೇನ್ರೀ ಆಪರೇಟರೇ? ನಾಲ್ಕು ತಿಂಗಳ ಹಿಂದೆ ನಲವತ್ತು ನಿಮಿಷ ನೀರು ಪೂರ್ತಿ ಬಿಟ್ಟಿದೀರಿ."

ಗೋಡೆ ಪಕ್ಕ ನಿಂತಿದ್ದ ತಮ್ಮ ಮೇಜಿನ ಹತ್ತಿರ ಬಂದ.

ಲೆಕ್ಕದಕ್ಕ ಲಾಗ್‌ಬುಕ್ಕನ್ನು ತನ್ನತ್ತ ಎಳೆದುಕೊಂಡಳು. ಇಲ್ಲೂ ಅಂಕಿ ಎತ್ತುವ ಭರದಲ್ಲಿ ಪಕ್ಕದ ಷರಾ ಕಾಲಂ ಓದಿರಲಿಲ್ಲ. ತಮ್ಮನ ದುಂಡು ಅಕ್ಷರ: "ನೀರು ಪೂರ್ತಿ. ಹೊಗೆ ನಿಂತಿತು. ಅಕ್ಕನ ಪಟ್ಟಿಯಲ್ಲಿ ಹೀಗಿಲ್ಲ. ಮತ್ತೆ ಕಾಲು ಭಾಗಕ್ಕೆ ಮುಚ್ಚಿದೆ."

"ನಿನಗೆ ಗೊತ್ತಿತ್ತಾ?"

"ಹೊಗೆ ನಿಂತದ್ದು ಕಂಡಿತ್ತು."

"ಮತ್ತೆ ಯಾಕೋ ಹೇಳ್ಲಿಲ್ಲ? ಇವತ್ತು ಕೆಲಸಾನೇ ಹೋಗ್ತಿತ್ತಲ್ಲೋ, ಪೆದ್ದ!"

"ನೀನು ಯಾವತ್ತಾದ್ರೂ ತಪ್ಪಿದ್ದುಂಟಾ ಅಕ್ಕಾ? ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ." ಅವನು ತಲೆ ಕೆರೆದುಕೊಂಡ. "ಹೋದ ತಿಂಗಳು ಕನ್ನಡಕಾನೂ ಮಾಡಿಸ್ಕೊಂಡೆ."

ಲೆಕ್ಕದಕ್ಕನಿಗೆ ಅಳು ಬಂತು. ಮ್ಯಾನೇಜರನ ಎದುರೇ, ಲಾಂಡ್ರಿಯವನ ಹಾಸಿನ ತುದಿಯಿಂದಲೇ ಮುಖ ಒರೆಸಿಕೊಂಡಳು.

ಮಧ್ಯಾಹ್ನ ತಮ್ಮ ವಾಲ್ವ್ ಪೂರ್ತಿ ತಿರುಗಿಸಿದ. ಅರ್ಧ ಗಂಟೆಯಲ್ಲಿ ಚಿಮಣಿಯ ಮೇಲೆ ಬರೀ ಆಕಾಶ ಉಳಿಯಿತು. ಲೆಕ್ಕದಕ್ಕ ಕಂಟ್ರೋಲ್ ರೂಮಿಗೆ ಬಂದು ಹಳೆಯ ಪಟ್ಟಿ ಕಿತ್ತು, ಹೊಸದನ್ನು ಅಂಟಿಸಿದಳು. ಜೇಬಿನಿಂದ ಕೆಂಪು ಪೆನ್ನು ತೆಗೆದು ತಮ್ಮನ ಕೈಗೆ ಕೊಟ್ಟಳು.

"ಒಂದ್ಸಲ ನೋಡು. ತಪ್ಪಿದ್ರೆ ತಿದ್ದು."

ತಮ್ಮ ಹೊಸ ಕನ್ನಡಕ ಹಾಕಿಕೊಂಡು, ಮೊದಲ ಸಾಲಿನಿಂದ ಓದತೊಡಗಿದ. ಆಕೆ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತು ಕಾದಳು.