ಖಾಲಿ ಹೊಟ್ಟೆಯ ಶುಕ್ರವಾರ

ಅವತ್ತು ನನ್ನ ಮೇಲೆ ಪವಿತ್ರಾತ್ಮ ಬರಲಿಲ್ಲ. ಖಾಲಿ ಹೊಟ್ಟೆಗೆ ಶುಗರ್ ಮಾತ್ರೆ ನುಂಗಿ ಬಿದ್ದೆ, ಅಷ್ಟೆ. ಸಂಡೂರಿನ ನಮ್ಮ ಓಣಿಯ ಹೆಂಗಸರು ಏನೇ ಹೇಳಿಕೊಳ್ಳಲಿ, ಬಿದ್ದವಳು ನಾನು.

ಈಸ್ಟರಿಗೆ ಮುಂಚಿನ ಶ್ರಮದ ದಿನಗಳಲ್ಲಿ ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಮಾತ್ರೆ ತಿನ್ನುವವರು ಉಪವಾಸ ಮಾಡಬಾರದೆಂದು ಪಾಸ್ಟರಮ್ಮ ಎರಡು ಸಲ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಮ್ಮಕ್ಕಳ ವಯಸ್ಸಿನವರು ಹಸಿದು ಕೂತಿರುವಾಗ ನಾನು ರೊಟ್ಟಿ ಮುರಿಯುವುದೆ? ಅದನ್ನು ಭಕ್ತಿ ಎಂದುಕೊಂಡಿದ್ದೆ. ಹಟ ಅದು.

ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯವಳು ಸಿಕ್ಕಳು. ಅವಳಿಗೂ ಶುಗರ್, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೇ ನಿಲ್ಲುವವರು ನಾವು.

"ಏನ್ ತಿಂದಿ ಯಕ್ಕಾ?"

"ಮಾತ್ರಿ."

"ಬರೇ ಮಾತ್ರಿ ನುಂಗಿದ್ರ ಇವತ್ತ ನಿಮ್ಮ ಯೇಸಪ್ಪನ ಹತ್ರ ಹೋಗ್ತಿ ನೋಡು."

"ಹೋದ್ರ ನಿನ್ನ ಕಾಟ ತಪ್ತೈತಿ ಬಿಡು," ಎಂದು ಕೊಡ ಎತ್ತಿಕೊಂಡು ಬಂದೆ.

ಹನ್ನೊಂದಕ್ಕೆ ಹಾಡು ಶುರುವಾಯಿತು. ಪಾಸ್ಟರಮ್ಮ ಕಂಪ್ಲಿಗೆ ಹೋಗಿದ್ದರು, ಸಭೆಯ ಹುಡುಗಿಯರೇ ನಡೆಸಿದರು. ಒಂದು ಗಂಟೆಯ ಹೊತ್ತಿಗೆ ನನಗೆ ಬೆವರು. ಸೀರೆ ಬೆನ್ನಿಗೆ ಅಂಟಿತು. ಎದ್ದು ಅಡುಗೆಮನೆಗೆ ಹೋಗೋಣವೆಂದರೆ ಕಾಲು ಕೇಳಲಿಲ್ಲ. ಸಕ್ಕರೆ ಕೊಡಿ ಎನ್ನಲು ಬಾಯಿ ತೆರೆದೆ. ನಾಲಿಗೆ ತೊದಲಿ ಏನೇನೋ ಹೊರಟಿತು.

"ಅಜ್ಜಿಗೆ ಅನ್ಯಭಾಷೆ ಬಂತು," ಎಂದಳೊಬ್ಬಳು. ಆತ್ಮ ಬಂದವರು ಹಾಗೆ ಯಾರಿಗೂ ತಿಳಿಯದ ಮಾತಾಡುತ್ತಾರೆಂದು ನಮ್ಮ ನಂಬಿಕೆ.

ಚಪ್ಪಾಳೆ ಜೋರಾಯಿತು. ನಾನು ಚಾಪೆಯ ಮೇಲೆ ಉರುಳಿದೆ.

"ಮುಟ್ಟಬ್ಯಾಡ್ರಿ, ದೇವರ ಕೆಲಸ ನಡದೈತಿ," ಎಂದಳು ಇನ್ನೊಬ್ಬಳು.

ನನಗೆ ಎಲ್ಲ ಕೇಳುತ್ತಿತ್ತು. ಇವರು ಹಾಡುತ್ತಲೇ ಇರುತ್ತಾರೆ, ನಾನು ಇಲ್ಲೇ ಸಾಯುತ್ತೇನೆ, ಇವರಿಗೆ ಗೊತ್ತೂ ಆಗುವುದಿಲ್ಲ. ಪ್ರಾರ್ಥನೆ ಮಾಡಲು ಒಂದು ಮಾತೂ ತಲೆಗೆ ಬರಲಿಲ್ಲ.

ಗದ್ದಲಕ್ಕೆ ಪಕ್ಕದವಳು ಬಂದಳು. ನನ್ನ ಕುತ್ತಿಗೆ ಮುಟ್ಟಿ ನೋಡಿದಳು.

"ಸರೀರಿ ಅತ್ಲಾಗ. ಈಕಿ ಶುಗರ್ ಇಳಿದು ತಣ್ಣಗಾಗ್ಯಾಳ, ನೀವು ಹಾಡ್ಕೋತ ಕುಂತೀರಿ."

ತನ್ನ ಮನೆಗೆ ಓಡಿಹೋಗಿ ಬಂದು, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಏನೋ ಒತ್ತಿದಳು. ನಾನು ಹಲ್ಲು ಬಿಗಿಹಿಡಿದೆ. ಅವಳ ಮನೆಯ ಪ್ರಸಾದವನ್ನು ನಾನು ಒಂದು ಸಲವೂ ತಿಂದವಳಲ್ಲ. ಅದು ಅವಳಿಗೂ ಗೊತ್ತು. ಕಿವಿಯ ಹತ್ತಿರ ಬಗ್ಗಿದಳು.

"ಪ್ರಸಾದ ಅಲ್ಲ ಯಕ್ಕಾ. ಡಬ್ಬಿಯೊಳಗಿನ ಬೆಲ್ಲ. ನಮ್ಮ ದೇವರಿಗೆ ತೋರಿಸಿಲ್ಲ, ತಿನ್ನು."

ಬಾಯಿ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಬೆವರು ನಿಂತಿತು, ಮಾತು ನೆಟ್ಟಗಾಯಿತು. ಚಹಾ ಕುಡಿಸಿ, ರೊಟ್ಟಿ ತಿನ್ನಿಸಿ, ಬೈಯುತ್ತಲೇ ಕೂತಿದ್ದಳು ಪುಣ್ಯಾತ್ಗಿತ್ತಿ.

"ಅಜ್ಜಿ, ಸಾಕ್ಷಿ ಹೇಳ್ರಿ. ಏನ್ ಕಂಡ್ರಿ?" ಎಂದಳು ಒಬ್ಬ ಹುಡುಗಿ.

"ಬೆಲ್ಲ," ಅಂದೆ.

ಕರ್ತನ ಪ್ರಾರ್ಥನೆಯಲ್ಲಿ ದಿನದಿನದ ಆಹಾರ ಬೇಡುವವಳು ನಾನು. ಕೊಟ್ಟ ರೊಟ್ಟಿಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು, ನಿನಗಾಗಿ ಹಸಿದಿದ್ದೇನೆ ನೋಡು ಎಂದು ಆತನಿಗೇ ಬಡಾಯಿ ಕೊಚ್ಚಿದೆ. ಆತ ಅವತ್ತು ನಮ್ಮ ಮನೆಗೆ ಬಂದಿದ್ದರೆ ಆ ಬೆಲ್ಲದ ಕೈಯಲ್ಲೇ ಬಂದಿರಬೇಕು. ಪಕ್ಕದವಳಿಗೆ ಇದನ್ನು ಹೇಳಿಲ್ಲ. ಹೇಳಿದರೆ ನಗುತ್ತಾಳೆ.

ಮರುದಿನ ಬೆಳಿಗ್ಗೆ ಪುಂಡಿಪಲ್ಯ ಹಚ್ಚಿಕೊಂಡು ಎರಡು ರೊಟ್ಟಿ ತಿಂದು ಮಾತ್ರೆ ನುಂಗಿದೆ. ಆಮೇಲೆ ಬೈಬಲ್ ತೆಗೆದೆ.