ಯಲ್ಲಯ್ಯನವರ ತೂತಿನ ಕಾಸು

"ಅಮ್ಮಾ, ತೊಳೀಬ್ಯಾಡಿ! ಕೈ ಮುಗೀತೀನಿ, ತೊಳೀಬ್ಯಾಡಿ!"

ಮೊಪೆಡ್ ನಿಲ್ಲಿಸುವ ಮೊದಲೇ ಯಲ್ಲಯ್ಯನವರ ಕೂಗು ಶುರು. ಹುತ್ರಿದುರ್ಗದ ಬೆಟ್ಟಕ್ಕೆ ಈಗಷ್ಟೇ ಎಳೆಬಿಸಿಲು ತಾಗುತ್ತಿದೆ. ಜಗಲಿಯ ಮೇಲೆ ಕೂತ ಕಲ್ಲಮ್ಮನವರ ಒಂದು ಕೈಯಲ್ಲಿ ಬ್ರಿಟಿಷರ ಕಾಲದ ಹಳೇ ತೂತಿನ ಕಾಸು, ಇನ್ನೊಂದರಲ್ಲಿ ಹುಣಸೆಹಣ್ಣು. ಸದ್ಯ, ಎರಡೂ ಇನ್ನೂ ಒಂದನ್ನೊಂದು ಮುಟ್ಟಿಲ್ಲ. ಯಲ್ಲಯ್ಯನವರ ಬಗ್ಗೆ ಬರೆಯಲೆಂದು ಹಿಂದಿನ ಸೀಟಿನಲ್ಲಿ ಬಂದ ನಾನೂ ಗಡಿಬಿಡಿಯಲ್ಲಿ ಕೆಳಗಿಳಿಯುತ್ತೇನೆ.

"ನೆಂಟರು ಬತ್ತಾರೆ ಅಂದ್ರೆ ಚೊಂಬು ಬೆಳಗಲ್ವಾ? ಹಂಗೇ ಇದ್ನೂ ಬೆಳಗೋಣ ಅಂತಿದ್ದೆ," ಎಂದು ಕಲ್ಲಮ್ಮ ನಗುತ್ತಾರೆ.

"ಹುಣಸೆಹಣ್ಣು ತಗಲಿದ್ರೆ ಕಾಸಿನ ಬಣ್ಣವೇ ಹೋಯ್ತದೆ ಕಣಮ್ಮ. ಮತ್ತೆ ಬರಕಿಲ್ಲ."

ಯಲ್ಲಯ್ಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನವರು. ದಿನಕ್ಕೆ ಐದಾರು ಊರು ಸುತ್ತಿ ಹಳೇ ಪಾತ್ರೆ, ಕಬ್ಬಿಣ ಕೊಳ್ಳುವ ಗುಜರಿ ವ್ಯಾಪಾರ. ಡಬ್ಬಿಗಳ ತಳದಲ್ಲಿ ಸಿಗುವ ಚಿಲ್ಲರೆ ಕಾಸೆಂದರೆ ಪ್ರಾಣ. ಮಳೆ ಹಿಡಿದು ವ್ಯಾಪಾರ ನಿಂತಾಗಲೂ ಆ ಕಾಸುಗಳನ್ನು ಮಾರಲಿಲ್ಲವೆಂದು ಮನೆಯಲ್ಲಿ ಬೈಸಿಕೊಂಡವರು.

ಕಾಸಿನ ಸ್ಥಿತಿ ಅಳೆಯಲು ಅವರದೇ ದರ್ಜೆಗಳಿವೆ. ಕೈಯಿಂದ ಕೈಗೆ ಓಡಾಡಿದ್ದು ಸಂತೆ ಕಾಸು. ಮಕ್ಕಳ ಸೊಂಟದಲ್ಲಿ ಉಜ್ಜಿ ನುಣ್ಣಗಾದದ್ದು ಉಡಿದಾರದ ಕಾಸು. ಹೊರಗೇ ಬರದೆ ಉಳಿದದ್ದು ಪೆಟ್ಟಿಗೆ ಕಾಸು. ತೂತಿನ ಕಾಸು ಕಂಡರೆ ಹಿಂದಿನವರು ದಾರ ಪೋಣಿಸಿ ಕೂಸಿಗೆ ಕಟ್ಟಿಬಿಡುತ್ತಿದ್ದರು. ಹಾಗಾಗಿ ಪೆಟ್ಟಿಗೆ ದರ್ಜೆಯದು ಅವರಿಗೆ ಇಷ್ಟು ವರ್ಷಗಳಲ್ಲಿ ಒಂದೂ ಸಿಕ್ಕಿಲ್ಲ. ಮುಂದಿನ ತಿಂಗಳು ತುಮಕೂರಿನ ನಾಣ್ಯ ಪ್ರದರ್ಶನದಲ್ಲಿ ಮೊದಲ ಬಾರಿ ಅವರಿಗೊಂದು ಮೇಜು ಸಿಕ್ಕಿದೆ. ಅದರ ನಟ್ಟನಡುವಿನ ಜಾಗವನ್ನು ಇಂಥದೊಂದು ಕಾಸಿಗೆಂದೇ ಇಟ್ಟಿದ್ದಾರೆ.

ಈಗ ಕಲ್ಲಮ್ಮನವರಿಂದ ಕಾಸು ಪಡೆದು, ಅಂಚು ಹಿಡಿದು ಬಿಸಿಲಿಗೆ ಓರೆ ಮಾಡುತ್ತಾರೆ. "ಮಧ್ಯಾಹ್ನ ಎಲ್ಲಾ ಕಾಸೂ ಹೊಸದಂಗೇ ಕಾಣ್ತದೆ ಸಾರ್. ಸವೆದಿರೋದು ಗೊತ್ತಾಗೋದು ಈ ಓರೆ ಬಿಸಿಲಲ್ಲೇ." ಮರುಕ್ಷಣ ಅವರ ದನಿ ಏರುತ್ತದೆ. "ಕಿರೀಟದ ಗೆರೆ ನೋಡಿ! ಎಲೆ ನೋಡಿ, ನರ ಸಮೇತ ಐತೆ! ಪೆಟ್ಟಿಗೆ ಕಾಸು ಸಾರ್, ಪೆಟ್ಟಿಗೆ ಕಾಸು!" ಐವತ್ತು ದಾಟಿದ ಮನುಷ್ಯ ಕುಣಿಯುವುದೊಂದು ಬಾಕಿ. "ಎಷ್ಟಾದ್ರೂ ಕೇಳಿ ಅಮ್ಮ, ಕೊಡ್ತೀನಿ."

"ಅಯ್ಯೋ, ಮಾರಕ್ಕಲ್ಲ ಕಣಪ್ಪ. ನಮ್ಮತ್ತೆ ಎತ್ತಿಟ್ಟು ಮರ್ತಿದ್ದು. ಇವತ್ತು ಮೊಮ್ಮಗೀಗೆ ಉಡ್ದಾರ ಕಟ್ತೀವಿ. ಈಗ ನಕಲಿ ಕಾಸೂ ಬತ್ತವಂತಲ್ಲ, ನಿನ್ಗೆ ತೋರ್ಸೇ ಕಟ್ಟೋಣ ಅಂತ ಕರೆಸ್ದೆ."

ಯಲ್ಲಯ್ಯನವರ ಮುಖ ಸಣ್ಣದಾಗುತ್ತದೆ. ನಕಲಿ ಎಂದೊಂದು ಸುಳ್ಳು ಹೇಳಿದರೆ ಮುಗಿಯಿತು, ಕಾಸು ಅವರದೇ. ಅಷ್ಟರಲ್ಲಿ ಕಲ್ಲಮ್ಮನವರ ಸೊಸೆ ಕೂಸನ್ನು ಎತ್ತಿಕೊಂಡು ಹೊರಬರುತ್ತಾರೆ.

"ಅಸಲೀನೇ ಕಣಮ್ಮ," ಎನ್ನುತ್ತಾರೆ ಯಲ್ಲಯ್ಯ. "ಇದಕ್ಕಿಂತ ಚೆಂದದ್ದು ನಾನೇ ನೋಡಿಲ್ಲ. ದಾರ ತನ್ನಿ, ಪೋಣಿಸಿಕೊಡ್ತೀನಿ."

ಕೂಸಿನ ಸೊಂಟಕ್ಕೆ ಕಾಸು ಕಟ್ಟಿದ್ದಾಗಿದೆ. ಅದು ಕಾಲು ಝಾಡಿಸಿದಾಗೆಲ್ಲ ಕಾಸು ಹೊಟ್ಟೆಯ ಮೇಲೆ ಕುಣಿಯುತ್ತದೆ. ನಾನು ಯಲ್ಲಯ್ಯನವರ ಕಿವಿಯಲ್ಲಿ ಮೆಲ್ಲಗೆ ಕೇಳುತ್ತೇನೆ, ಬೇಜಾರಾಗಲಿಲ್ಲವೇ ಎಂದು.

"ಆಯ್ತು ಸಾರ್, ಆಗ್ದೆ ಇರ್ತದಾ? ಆದ್ರೆ ಉಡ್ದಾರದ ಕಾಸು ಎಷ್ಟೋ ನೋಡಿದೀನಿ, ಎಲ್ಲಾ ಸವೆದ ಮೇಲೇ. ಸವೆಯಕ್ಕೆ ಶುರುವಾಗೋದ್ನ ಇವತ್ತೇ ನೋಡಿದ್ದು."