ನಿಲ್ಲುವ ಕೆಲಸ

ನಮ್ಮ ದೊಡ್ಡಮ್ಮನ ಕೆಲಸ ನಿಲ್ಲುವುದು. ಹಳೆಯ ಕಲ್ಲಿನ ದೇವಸ್ಥಾನದ ಒಳಗೆ, ಕೆತ್ತನೆಯ ಕಂಬಗಳ ನಡುವೆ, ಬೆಳಗಿನಿಂದ ಸಂಜೆಯವರೆಗೆ ನಿಂತು, ನೋಡಲು ಬಂದವರಿಗೆ "ಮುಟ್ಟಬೇಡಿ, ಒರಗಬೇಡಿ" ಎನ್ನಬೇಕು. ಕಾವಲಿನವರು ಕೂರುವಂತಿಲ್ಲ. ಕುರ್ಚಿ ಹಾಕಿದರೆ ಜನರ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಮನೆಗೆ ಬಂದರೂ ಆ ಮಾತು ಅವಳ ಬಾಯಿ ಬಿಡುವುದಿಲ್ಲ. ದೊಡ್ಡಪ್ಪ ಒಲೆಯ ಮೇಲಿನ ಪಾತ್ರೆಗೆ ಕೈ ಹಾಕಿದರೆ "ಮುಟ್ಟಬೇಡಿ!" ಎನ್ನುತ್ತಾಳೆ. ಅವರೂ ಸುಮ್ಮನಿರುವುದಿಲ್ಲ. "ನಾನೇನು ಟಿಕೆಟ್ ತಗೊಂಡು ಬಂದಿದೀನಾ?"

ಈ ವರ್ಷ ಅವಳ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡವು. ಮನೆಗೆ ಬಂದವಳೇ ನೆಲದ ಮೇಲೆ ಮಲಗಿ ಕಾಲನ್ನು ಗೋಡೆಗೆ ಎತ್ತಿ ಇಡುತ್ತಾಳೆ. ಗೋಡೆಯ ಆ ಜಾಗದಲ್ಲಿ ಹಿಮ್ಮಡಿಯ ಗುರುತು ಬಿದ್ದಿದೆ. ಇನ್ನು ಹೆಚ್ಚು ಹೊತ್ತು ನಿಲ್ಲಲೇಬೇಡಿ ಎಂದರು ಡಾಕ್ಟರು.

"ನಿಂತರೆ ಕಾಲು ಹೋಗುತ್ತೆ, ನಿಲ್ಲದಿದ್ರೆ ಕೆಲಸ ನಿಲ್ಲುತ್ತೆ" ಎಂದು ದೊಡ್ಡಮ್ಮ ನಕ್ಕಳು. ನಗುವೂ ಅರ್ಧಕ್ಕೇ ನಿಂತಿತು.

ಸೂಪರ್‌ವೈಸರ್ ಕೆಟ್ಟವರಲ್ಲ. "ಹೊರಗೆ ಚಪ್ಪಲಿ ನೋಡ್ಕೊಳ್ಳೋ ಜಾಗ ಖಾಲಿ ಇದೆ ಅಕ್ಕ. ಕೂರೋಕೆ ಸ್ಟೂಲ್ ಇರುತ್ತೆ. ಯೋಚನೆ ಮಾಡಿ, ನಾಳಿದ್ದು ಹೇಳಿ" ಎಂದರು. ದೊಡ್ಡಮ್ಮ ಆಗಲೇ ಒಪ್ಪಿಕೊಳ್ಳಲಿಲ್ಲ.

"ದೇವರ ಎದುರಿಂದ ಚಪ್ಪಲಿ ಎದುರಿಗೆ. ಒಳ್ಳೇ ಬಡ್ತಿ" ಎಂದಳು ಮನೆಯಲ್ಲಿ. ಆಮೇಲೆ ಮೆಲ್ಲಗೆ, "ಆ ಕಂಬದ ಗೊಂಬೆಗಳನ್ನ ಬಿಟ್ಟಿರೋಕೆ ಆಗುತ್ತೋ ಇಲ್ವೋ" ಎಂದಳು.

ಮಾರನೆಯ ದಿನ ವಾರದ ರಜೆ. ಮಲಗಿರಬಹುದಿತ್ತು. ಒಳ್ಳೆಯ ಸೀರೆ ಉಟ್ಟು ನನ್ನನ್ನೂ ಹೊರಡಿಸಿದಳು.

"ರಜಾ ದಿನಾನೂ ಅಲ್ಲಿಗೇನಾ?" ಎಂದರು ದೊಡ್ಡಪ್ಪ.

"ಇವತ್ತು ಕೂತ್ಕೊಂಡು ನೋಡ್ತೀನಿ."

ಮಂಟಪದ ಅಂಚಿನಲ್ಲಿ ಬಂದವರು ಕೂರಲೆಂದೇ ಉದ್ದನೆಯ ಕಲ್ಲಿನ ಜಗಲಿ ಇದೆ. ದೊಡ್ಡಮ್ಮ ಅದನ್ನು ಸೆರಗಿನಿಂದ ಒರೆಸಿ, ಯಾರಾದರೂ ಎಬ್ಬಿಸಿಬಿಡುತ್ತಾರೇನೋ ಎನ್ನುವ ಹಾಗೆ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಬೆನ್ನು ತಾನಾಗಿಯೇ ಕಂಬಕ್ಕೆ ತಾಗಿತು.

"ಅಮ್ಮಾ, ಒರಗಬೇಡಿ!"

ಅವಳ ಬದಲಿಗೆ ನಿಂತಿದ್ದ ಕಾವಲಿನ ಹುಡುಗಿ. ಹತ್ತಿರ ಬಂದು ಗುರುತು ಹಿಡಿದು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನೀವಾ ಅಕ್ಕ! ಒರಗಿ, ಒರಗಿ."

"ಬೇಡಮ್ಮ, ಸರಿಯಾಗೇ ಹೇಳಿದೆ. ಸ್ವಲ್ಪ ಮೆತ್ತಗೆ ಹೇಳು, ಸಂಜೆವರೆಗೂ ಗಂಟಲು ಬೇಕಲ್ಲ." ದೊಡ್ಡಮ್ಮ ನೆಟ್ಟಗಾದಳು. ಹುಡುಗಿ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾ ಅಲ್ಲೇ ನಿಂತಳು. ದೊಡ್ಡಮ್ಮ ಅವಳ ಕಾಲನ್ನೇ ನೋಡಿದಳು.

ಆಮೇಲೆ ದೊಡ್ಡಮ್ಮನ ತಲೆ ಮೆಲ್ಲಗೆ ಬಾಗಿತು. ನಿದ್ದೆ ಬಂತೇನೋ ಅಂದುಕೊಂಡೆ. ಅಷ್ಟರಲ್ಲಿ ಎದುರಿನ ಕಂಬದ ಬುಡವನ್ನು ತೋರಿಸಿದಳು. ಅಲ್ಲಿ ದಪ್ಪ ಹೊಟ್ಟೆಯ ಒಬ್ಬ ಕಲ್ಲಿನ ಕುಳ್ಳ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯೆತ್ತಿ ಕಂಬವನ್ನು ಹೊತ್ತಿದ್ದ. ಕಣ್ಣುಗಳು ಉಬ್ಬಿದ್ದವು.

"ಇವನನ್ನ ನಾನು ನೋಡೇ ಇಲ್ಲ ಕಣೇ."

"ದಿನಾ ಇಲ್ಲೇ ಇರ್ತೀಯಲ್ಲ ದೊಡ್ಡಮ್ಮ?"

"ಇರ್ತೀನಿ. ಗೊಂಬೆ ನೋಡಿದ್ದೆಲ್ಲಿ? ಜನರ ಕೈ ನೋಡ್ತಿದ್ದೆ." ಮಂಡಿ ನೀವಿಕೊಂಡಳು. "ನೋಡು, ಕೂತೇ ಹೊತ್ತಿದಾನೆ. ಇವನನ್ನ ಯಾರೂ ಎಬ್ಬಿಸಿಲ್ಲ."

ಹೊರಗೆ ಬಂದಾಗ ಸೂಪರ್‌ವೈಸರ್ ಸಿಕ್ಕರು. ನಾಳಿನವರೆಗೆ ಕಾಯದೆ ದೊಡ್ಡಮ್ಮನೇ ಹೇಳಿದಳು, "ಆ ಸ್ಟೂಲ್ ನನಗೇ ಇರಲಿ ಸಾರ್. ರಜಾ ದಿನ ಒಳಗೆ ಬಂದು ಕೂತ್ಕೋತೀನಿ."

"ಅದಕ್ಕೇನಂತೆ, ಬನ್ನಿ ಅಕ್ಕ."

ಚಪ್ಪಲಿಯ ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಿದಳು. ಅದು ಒಂದು ಕಡೆಗೆ ವಾಲಿತು.

"ಇದಕ್ಕೂ ಕಾಲು ನೋವು" ಎಂದು, ಕೆಳಗೆ ಬಿದ್ದಿದ್ದ ರಟ್ಟನ್ನು ಮಡಚಿ ಗಿಡ್ಡ ಕಾಲಿನ ಕೆಳಗೆ ಇಟ್ಟಳು. ಮತ್ತೆ ಕೂತಳು. ನಾನು ಚಪ್ಪಲಿ ಹಾಕಿಕೊಂಡು ಕಾದೆ. ಅವಳು ಬೇಗ ಏಳಲಿಲ್ಲ.